ಅಪ್ಪ ಅಮ್ಮನ ಜೊತೆ ದೊರ್ದೋನ್ಯ ಕಣಿವೆಯಲ್ಲಿ ಒಂದು ಶನಿವಾರ: ಏನು ನೋಡುವುದು, ಏನು ತಿನ್ನುವುದು?

ತುಲೂಸ್‌ವಾಸಿ

ಎಲ್ಲರಿಗೂ ನಮಸ್ಕಾರ. ತುಲೂಸ್‌ನಲ್ಲಿ ವಿಮಾನ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿವಮೊಗ್ಗದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಪ್ಯಾರಿಸ್ ತೋರಿಸಿ ಆಯಿತು. ಐಫೆಲ್ ಗೋಪುರದ ಸಾಲಿನಲ್ಲಿ ನಿಂತು ನಿಂತು ಇಬ್ಬರೂ ಬೇಸತ್ತಿದ್ದಾರೆ, ಇನ್ನು ದೊಡ್ಡ ಊರು ಬೇಡ ಎನ್ನುತ್ತಿದ್ದಾರೆ. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಶನಿವಾರ ಕಾರಿನಲ್ಲಿ ಸಾರ್ಲಾ ಮತ್ತು ಅದರ ಪಕ್ಕದ ದೊರ್ದೋನ್ಯ ನದಿ ಕಣಿವೆಗೆ ಕರೆದೊಯ್ಯುವ ಯೋಚನೆ ಇದೆ. ಇಲ್ಲಿಂದ ಎರಡು ಗಂಟೆ ಚಿಲ್ಲರೆ ದಾರಿ.

ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು, ಕೋಟೆ ಕಂಡರೆ ಬಿಡುವವರಲ್ಲ. ಮೊಟ್ಟೆ ತಿನ್ನುತ್ತಾರೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೊಣಕಾಲು ನೋವೂ ಇದೆ. ಆ ಸೀಮೆಯೋ ಬಾತುಕೋಳಿ, ಹೆಬ್ಬಾತುಗಳಿಗೆ ಹೆಸರಾದದ್ದು. ಹೋಗಿ ಬಂದವರು ದಯವಿಟ್ಟು ದಾರಿ ತೋರಿಸಿ.

ಗಿಯರ್ ಗಾಡಿ

ಬೆಳಿಗ್ಗೆ ಆರಕ್ಕೆ ಹೊರಟುಬಿಡಿ. ಎಲ್ಲವೂ ಹತ್ತಿರ ಹತ್ತಿರ ಇವೆ. ಮೊದಲು ಮೋಂತಿನ್ಯಾಕ್‌ನಲ್ಲಿ ಆದಿಮಾನವರ ಚಿತ್ರಗಳ ಲಾಸ್ಕೋ ಗುಹೆ, ಆಮೇಲೆ ಸಾರ್ಲಾ, ದೋಮ್, ಲಾ ರೋಕ್ ಗಜಾಕ್, ಬೇನಾಕ್ ಕೋಟೆ, ಎದುರಿಗೆ ಕಾಸ್ತೆಲ್ನೋ ಕೋಟೆ, ಸಮಯ ಉಳಿದರೆ ಮಾರ್ಕೇಸಾಕ್ ತೋಟ. ನಾವು ಗೆಳೆಯರು ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿದ್ದೇವೆ. ಊಟಕ್ಕೆ ಕಾರಿನಲ್ಲೇ ಸ್ಯಾಂಡ್‌ವಿಚ್.

ಹಳೆಯ ನಕಾಶೆ

ಗಿಯರ್ ಗಾಡಿಯವರೇ, ನಿಮ್ಮ ವಯಸ್ಸಿಗೆ ಅದು ಸರಿ. ಆದರೆ ಮೊಣಕಾಲು ನೋವಿರುವ ತಾಯಿಯನ್ನು ಆ ಪಟ್ಟಿಯ ಹಿಂದೆ ಓಡಿಸಿದರೆ ಅವರು ನೋಡುವುದು ವಾಹನ ನಿಲುಗಡೆ ತಾಣಗಳನ್ನು ಮಾತ್ರ.

ತುಲೂಸ್‌ವಾಸಿಯವರೇ, ಬೋರ್ದೋದಲ್ಲಿ ಬಹಳ ವರ್ಷ ಇದ್ದವನು ಹೇಳುತ್ತಿದ್ದೇನೆ. ಮೊದಲು ಗಡಿಯಾರ, ಆಮೇಲೆ ನಕಾಶೆ. ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಇಡೀ ದಿನ ಮಧ್ಯಾಹ್ನದ ಊಟದ ಸುತ್ತ ಸುತ್ತುತ್ತದೆ. ಹನ್ನೆರಡು, ಹನ್ನೆರಡೂವರೆಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಎರಡು ಗಂಟೆಯ ಮೇಲೆಯೇ ಮತ್ತೆ ತೆರೆಯುವುದು. ಹೋಟೆಲಿನ ಅಡುಗೆಮನೆ ಹನ್ನೆರಡರಿಂದ ಎರಡರವರೆಗೆ. ಎರಡೂಕಾಲಿಗೆ ಹೋಗಿ ಬಾಗಿಲಲ್ಲಿ ನಿಂತರೆ, ಕುರ್ಚಿಗಳು ಖಾಲಿ ಇದ್ದರೂ ವಿನಯದಿಂದ ಇಲ್ಲ ಎನ್ನುತ್ತಾರೆ. ಆಮೇಲೆ ರಾತ್ರಿ ಏಳರವರೆಗೆ ಬಿಸಿ ಊಟದ ಆಸೆ ಬಿಟ್ಟುಬಿಡಬೇಕು. ನಮ್ಮ ಕಡೆಯಂತೆ ಮೂರು ಗಂಟೆಗೆ ಹೋಗಿ "ಏನಿದೆ?" ಎಂದು ಕೇಳುವ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ಬೆಳಿಗ್ಗೆ ಸಾರ್ಲಾ ಸಂತೆ, ಮಧ್ಯಾಹ್ನ ನಿಧಾನವಾಗಿ ಊಟ, ಆಮೇಲೆ ನದಿ ಮತ್ತು ಒಂದೇ ಒಂದು ಕೋಟೆ. ಇಷ್ಟೇ ಸಾಕು. ಲಾಸ್ಕೋವನ್ನು ಈ ದಿನಕ್ಕೆ ತುರುಕಬೇಡಿ. ಅದಕ್ಕೆ ಅರ್ಧ ದಿನ ಬೇಕು, ಪ್ರವೇಶವೂ ನಿಗದಿತ ಸಮಯದ ಟಿಕೆಟ್ ಮೇಲೆ.

ಗಿಯರ್ ಗಾಡಿ

ಇತಿಹಾಸ ಮೇಷ್ಟ್ರಿಗೆ ಲಾಸ್ಕೋ ತೋರಿಸದೆ ಕಳಿಸುತ್ತೀರಾ?

ಹಳೆಯ ನಕಾಶೆ

ತೋರಿಸಲಿ, ಇನ್ನೊಂದು ದಿನ. ಮತ್ತೆ, ಅಲ್ಲಿ ಈಗ ಕಾಣುವುದು ಮೂಲ ಗುಹೆಯಲ್ಲ, ಅದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಬೇಕು. 1940ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದ ಹುಡುಗರಿಗೆ ಸಿಕ್ಕಿದ ಗುಹೆ ಅದು. 1948ರಲ್ಲಿ ಜನರಿಗೆ ತೆರೆದರು. ಬಂದವರ ಉಸಿರಿನ ಇಂಗಾಲದ ಡೈಆಕ್ಸೈಡ್, ತೇವ, ಬೆಳಕು ಇವುಗಳಿಂದ ಗೋಡೆಗಳ ಮೇಲೆ ಪಾಚಿ ಕಟ್ಟಿ ಚಿತ್ರಗಳು ಹಾಳಾಗತೊಡಗಿದವು. 1963ರಲ್ಲಿ ಮುಚ್ಚಿದರು. ಒಂದು ಭಾಗದ ಪ್ರತಿಕೃತಿ 1983ರಲ್ಲಿ ಬಂತು, ಈಗಿನ ದೊಡ್ಡ ಪ್ರತಿಕೃತಿ 2016ರ ಡಿಸೆಂಬರ್‌ನಲ್ಲಿ. ಕೆಲಸ ಅದ್ಭುತವಾಗಿದೆ, ಆದರೆ ಪ್ರತಿಕೃತಿ ಎಂದು ಅಲ್ಲಿ ಹೋದ ಮೇಲೆ ಗೊತ್ತಾದರೆ ಮೇಷ್ಟ್ರ ಮುಖ ಬಾಡುತ್ತದೆ.

ಹುರಿಗಡಲೆ

ಊಟದ ವಿಷಯ ನನಗೆ ಬಿಡಿ. ಮದುವೆಯಾಗಿ ಫ್ರಾನ್ಸ್‌ಗೆ ಬಂದ ಸಸ್ಯಾಹಾರಿ ನಾನು, ಸಾರ್ಲಾ ಇರುವ ಈ ಪೆರಿಗೋರ್ ಸೀಮೆಯಲ್ಲಿ ಬೇಕಾದಷ್ಟು ಪಾಠ ಕಲಿತಿದ್ದೇನೆ.

ಅಲ್ಲಿ ನಮ್ಮವರು ಮೋಸಹೋಗುವುದು ಮಾಂಸದ ತುಂಡಿನಿಂದಲ್ಲ, ಕೊಬ್ಬಿನಿಂದ. ಫ್ರಾನ್ಸ್‌ನ ವಾಯವ್ಯದ ಬ್ರಿಟನಿಯವರಿಗೆ ಬೆಣ್ಣೆ ಹೇಗೋ, ದಕ್ಷಿಣದವರಿಗೆ ಆಲಿವ್ ಎಣ್ಣೆ ಹೇಗೋ, ಪೆರಿಗೋರ್‌ನವರಿಗೆ ಬಾತುಕೋಳಿಯ ಕೊಬ್ಬು ಹಾಗೆ. ಪಟ್ಟಿಯಲ್ಲಿ "ಪೊಮ್ ದ ತೇರ್ ಸಾರ್ಲಾದೇಸ್" ಎಂದು ಇರುತ್ತದೆ. ಬಿಲ್ಲೆ ಬಿಲ್ಲೆಯಾಗಿ ಹುರಿದ ಆಲೂಗೆಡ್ಡೆ, ಮೇಲೆ ಬೆಳ್ಳುಳ್ಳಿ, ಪಾರ್ಸ್ಲಿ. ನೋಡಿದರೆ ನಮ್ಮದೇ ಪಲ್ಯ ಎನ್ನಿಸುತ್ತದೆ. ಹುರಿದಿರುವುದು ಬಾತುಕೋಳಿ ಅಥವಾ ಹೆಬ್ಬಾತಿನ ಕೊಬ್ಬಿನಲ್ಲಿ. "ತುರೆಂ" ಎಂಬ ಬೆಳ್ಳುಳ್ಳಿ ಸೂಪಿನ ಒಗ್ಗರಣೆಗೂ ಸಾಮಾನ್ಯವಾಗಿ ಅದೇ ಕೊಬ್ಬು, ಜೊತೆಗೆ ಮೊಟ್ಟೆ. ಪೆರಿಗೋರ್ ಸಲಾಡ್ ಎಂದರೆ ಎಲೆಗಳ ನಡುವೆ ಬಾತುಕೋಳಿಯ ಜಠರದ ಚೂರುಗಳು. ಬಿಸಿ ಆಡಿನ ಚೀಸ್ ಸಲಾಡ್ ತೊಂದರೆಯಿಲ್ಲದ್ದು ಎಂದುಕೊಂಡರೆ ಅದರ ಮೇಲೂ ಹಲವೆಡೆ ಹಂದಿಮಾಂಸದ ಸಣ್ಣ ತುಂಡುಗಳನ್ನು ಉದುರಿಸುತ್ತಾರೆ.

ಆದ್ದರಿಂದ "ನಾನು ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ಸಾಲದು. "ಸಾಂ ವಿಯಾಂದ್, ಸಾಂ ಪುವಾಸೋಂ, ಸಾಂ ಜ, ಸಾಂ ಗ್ರೇಸ್ ದ ಕನಾರ್" ಎಂದು ಬಿಡಿಸಿ ಹೇಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಬಾತುಕೋಳಿ ಕೊಬ್ಬೂ ಬೇಡ. ಹಿಂದಿನ ದಿನವೇ ಹೋಟೆಲಿಗೆ ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಮುಂಚೆ ತಿಳಿಸಿದರೆ ಹಳ್ಳಿಯ ಅಡುಗೆಯವರು ಪ್ರೀತಿಯಿಂದ ಏನಾದರೂ ಮಾಡಿಕೊಡುತ್ತಾರೆ. ಊಟದ ಗಲಾಟೆಯ ನಡುವೆ ಕೇಳಿದರೆ ಎಲೆಕೋಸು, ಟೊಮೇಟೊ ಹೆಚ್ಚಿ ತಂದಿಡುತ್ತಾರೆ. ಚೌಕದ ಪಕ್ಕದ ಒಂದು ಹೋಟೆಲಿನಲ್ಲಿ ನನಗೆ ಎರಡನೆಯದು ಆಗಿದೆ.

ಚೀಸ್ ಬಗ್ಗೆ ಒಂದು ಮಾತು. ಅಲ್ಲಿನ ಸಣ್ಣ ಬಿಲ್ಲೆಯಂಥ ಆಡಿನ ಚೀಸ್ "ಕಾಬೆಕೂ" ಬಹಳ ರುಚಿ. ಆದರೆ ಫ್ರಾನ್ಸ್‌ನ ಸಾಂಪ್ರದಾಯಿಕ ಚೀಸ್‌ಗಳ ಹಾಲನ್ನು ಒಡೆಯಲು ಸಾಮಾನ್ಯವಾಗಿ ಬಳಸುವುದು ಕರುವಿನ ಅಥವಾ ಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಅಮ್ಮನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಾನಾದರೆ ಹೇಳುತ್ತೇನೆ.

ಬೆಣ್ಣೆದೋಸೆ

ಹುರಿಗಡಲೆ ಅಕ್ಕ, ಎಲ್ಲವನ್ನೂ ಕಿತ್ತುಕೊಂಡಿರಿ. ಆ ತಾಯಿ ತಿನ್ನುವುದಾದರೂ ಏನು?

ಹುರಿಗಡಲೆ

ತಿನ್ನಲು ಬೇಕಾದಷ್ಟಿದೆ, ಸಂತೆಗೆ ಹೋಗಬೇಕು ಅಷ್ಟೆ. ಅಕ್ಟೋಬರ್‌ನಲ್ಲಿ ಹೊಸ ಅಕ್ರೋಟು, ಅಂಜೂರ, ದ್ರಾಕ್ಷಿ, ಸೇಬು, ಚೆಸ್ಟ್‌ನಟ್ ಎಲ್ಲ ಬಂದಿರುತ್ತವೆ. ಬ್ರೆಡ್ಡಿನಲ್ಲಿ "ತ್ರಾದಿಸ್ಯೋಂ" ಎಂದು ಕೇಳಿ ತೆಗೆದುಕೊಳ್ಳಿ. ಅದಕ್ಕೆ 1993ರ ಸರ್ಕಾರಿ ಆದೇಶವೇ ಇದೆ: ಹಿಟ್ಟು, ನೀರು, ಉಪ್ಪು, ಹುಳಿ ಅಥವಾ ಯೀಸ್ಟ್ ಇಷ್ಟೇ ಅದರ ಮೂಲ. ಬೆಣ್ಣೆ ಸವರಿ, ಮೇಲೆ ಊರಿಂದ ತಂದ ಚಟ್ನಿಪುಡಿ ಉದುರಿಸಿ ಕೊಡಿ. ಆಮೇಲೆ ನನಗೆ ಬರೆಯಿರಿ.

ಸಂತೆಯಲ್ಲಿ ಹಣ್ಣನ್ನು ಕೈಯಿಂದ ಒತ್ತಿ ನೋಡುವುದು, ಆರಿಸುವುದು ಬೇಡ. ಅಂಗಡಿಯವರೇ ಆರಿಸಿಕೊಡುತ್ತಾರೆ. "ಇವತ್ತು ತಿನ್ನಲು" ಎಂದರೆ ಮಾಗಿದ್ದನ್ನೇ ಹುಡುಕಿ ಕೊಡುತ್ತಾರೆ. ಬಾಯಿ ತೆರೆದೊಡನೆ ಮೊದಲು ಬೋಂಜೂರ್, ಅಂದರೆ ನಮಸ್ಕಾರ. ಅದಿಲ್ಲದೆ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಬೆಣ್ಣೆದೋಸೆ

ನಾನು ಎಲ್ಲವನ್ನೂ ತಿನ್ನುವವನು, ಹಾಗಾಗಿ ಇನ್ನೊಂದು ಪಕ್ಷ ಹೇಳುತ್ತೇನೆ. ತನ್ನದೇ ಕೊಬ್ಬಿನಲ್ಲಿ ಹೊತ್ತುಗಟ್ಟಲೆ ಬೆಂದು, ಆಮೇಲೆ ಬಾಣಲೆಯಲ್ಲಿ ಚರ್ಮ ಗರಿಗರಿಯಾದ ಬಾತುಕೋಳಿ ತೊಡೆಯನ್ನು ಅಲ್ಲಿ ತಿನ್ನದೆ ಬಂದರೆ ಪೆರಿಗೋರ್‌ಗೆ ಹೋದ ಹಾಗೇ ಅಲ್ಲ. ಕೆಡದಂತೆ ಇಡಲು ಹುಟ್ಟಿದ ಅಡುಗೆ ಅದು, ಫ್ರಿಜ್ ಇಲ್ಲದ ಕಾಲದ ಜಾಣತನ. ಸೂಪಿನ ಕೊನೆಯಲ್ಲಿ ಬಟ್ಟಲಿಗೆ ಕೆಂಪು ವೈನ್ ಸುರಿದು, ಎತ್ತಿ ಕುಡಿಯುವ "ಶಾಬ್ರೋಲ್" ಎಂಬ ರೂಢಿಯೂ ಆ ಕಡೆಯ ಮುದುಕರಲ್ಲಿ ಇದೆ. ಒಮ್ಮೆ ನೋಡಿದೆ, ಅನುಕರಿಸುವ ಧೈರ್ಯ ಬರಲಿಲ್ಲ.

ಫ್ವಾ ಗ್ರಾ ಬಗ್ಗೆ ಮಾತ್ರ ನನಗೂ ಕಸಿವಿಸಿ ಇದೆ.

ಹಳೆಯ ನಕಾಶೆ

ಕಸಿವಿಸಿ ಇರುವುದೇ ಸರಿ. ಬಾತುಕೋಳಿಯ ಗಂಟಲಿಗೆ ಕೊಳವೆ ಇಟ್ಟು ಜೋಳ ತುಂಬಿಸಿ ಯಕೃತ್ತನ್ನು ಊದಿಸುತ್ತಾರೆ, ಫ್ವಾ ಗ್ರಾ ಎಂದರೆ ಆ ಯಕೃತ್ತು. ಫ್ರಾನ್ಸ್ 2006ರಲ್ಲಿ ಅದನ್ನು ತನ್ನ ಸಂಸ್ಕೃತಿ ಮತ್ತು ಆಹಾರ ಪರಂಪರೆಯ ಭಾಗವೆಂದು ಕಾನೂನಿನಲ್ಲೇ ಬರೆದುಕೊಂಡಿತು. ಭಾರತ 2014ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಆದ್ದರಿಂದ ಯಾರೂ ಡಬ್ಬ ಕೊಂಡು ಬೆಂಗಳೂರಿಗೆ ಒಯ್ಯುವ ಸಾಹಸ ಮಾಡಬೇಡಿ. ಸಾರ್ಲಾ ಸಂತೆಯಲ್ಲಿ ಪ್ರತಿ ಹತ್ತು ಹೆಜ್ಜೆಗೆ ಒಂದು ಅಂಗಡಿ ಅದನ್ನೇ ಮಾರುತ್ತದೆ, ರುಚಿ ನೋಡಿ ಎಂದು ಬ್ರೆಡ್ ಚೂರಿನ ಮೇಲೆ ಇಟ್ಟು ಕೈಗೆ ಕೊಡುತ್ತಾರೆ. ಅಮ್ಮನವರ ಕೈಗೆ ಬರುವ ಮೊದಲೇ ನೀವು ಮುಂದೆ ನಿಂತುಕೊಳ್ಳಿ.

ಗಿಯರ್ ಗಾಡಿ

ಸರಿ, ಸೋತೆ. ಒಂದೇ ಕೋಟೆ ಎಂದಾದರೆ ಯಾವುದು? ನನ್ನ ಮತ ಕಾಸ್ತೆಲ್ನೋಗೆ. ಮಧ್ಯಯುಗದ ಯುದ್ಧದ ವಸ್ತುಸಂಗ್ರಹಾಲಯ ಇದೆ, ಹೊರಗೆ ಕಲ್ಲು ಎಸೆಯುವ ಭಾರೀ ಯಂತ್ರಗಳನ್ನು ನಿಲ್ಲಿಸಿದ್ದಾರೆ.

ಹಳೆಯ ನಕಾಶೆ

ಮಕ್ಕಳಿದ್ದರೆ ಕಾಸ್ತೆಲ್ನೋ. ಮೇಷ್ಟ್ರಿಗೆ ಬೇನಾಕ್. ಕಾರಣ ಇಷ್ಟೇ: ಬೇನಾಕ್‌ನ ಬುರುಜಿನ ಮೇಲಿಂದ ನದಿಯಾಚೆ ಕಾಸ್ತೆಲ್ನೋ ಕಾಣುತ್ತದೆ. ನೂರು ವರ್ಷಗಳ ಯುದ್ಧದಲ್ಲಿ, ಅಂದರೆ 1337ರಿಂದ 1453ರವರೆಗೆ, ಈ ನದಿಯೇ ಬಹುಕಾಲ ಗಡಿ. ಬೇನಾಕ್ ಫ್ರೆಂಚ್ ದೊರೆಯ ಪಕ್ಷ, ಕಾಸ್ತೆಲ್ನೋ ಬಹುಕಾಲ ಇಂಗ್ಲಿಷರ ಕಡೆ. ಎರಡು ಕೋಟೆಗಳು ಒಬ್ಬರ ಅಡುಗೆಮನೆಯ ಹೊಗೆ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರ. ಯುದ್ಧ ಮುಗಿದದ್ದೂ ಇದೇ ನದಿಯ ಕೆಳಗಿನ ದಂಡೆಯಲ್ಲಿ, ಕಾಸ್ತಿಯೋಂ ಎಂಬಲ್ಲಿ. ಪಾಠ ಮಾಡಿದವರಿಗೆ ಆ ಬುರುಜು ಸಾಕು. ಕೆಳಗಿನ ಹಳ್ಳಿಯಿಂದ ಹತ್ತುವ ಕಲ್ಲುಹಾದಿ ಬಹಳ ಕಡಿದು. ಅಮ್ಮನವರನ್ನು ಅಲ್ಲಿ ನಡೆಸಬೇಡಿ, ಕೋಟೆಯ ಹತ್ತಿರ ಮೇಲೆಯೇ ಕಾರು ನಿಲ್ಲಿಸಬಹುದು.

ಹಳ್ಳಿಗಳೊಳಗೆ ಕಾರು ಓಡಿಸುವಾಗ ಒಂದು ಎಚ್ಚರ: ಬೇರೆ ಫಲಕ ಇಲ್ಲದಿದ್ದರೆ ಬಲಗಡೆಯ ಸಣ್ಣ ಓಣಿಯಿಂದ ಬರುವವರಿಗೇ ಮೊದಲ ದಾರಿ. ನಾವು ದೊಡ್ಡ ರಸ್ತೆಯಲ್ಲಿದ್ದೇವೆ ಎಂಬ ಗರ್ವ ನಡೆಯುವುದಿಲ್ಲ.

ತುಲೂಸ್‌ವಾಸಿ

ಹೋಗಿ ಬಂದೆವು. ಎಲ್ಲರಿಗೂ ಧನ್ಯವಾದ. ವಿವರವಾಗಿ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಅನುಕೂಲವಾಗಲಿ.

ಒಂಬತ್ತಕ್ಕೆ ಸಾರ್ಲಾ ತಲುಪಿದಾಗ ಮಂಜು ಇನ್ನೂ ಇತ್ತು. ಜೇನುಬಣ್ಣದ ಕಲ್ಲಿನ ಊರು, ಚಾವಣಿಗೂ ಕಲ್ಲಿನ ಬಿಲ್ಲೆಗಳು. ಅಷ್ಟು ಭಾರ ಹೊರುವ ಮರದ ತೊಲೆಗಳನ್ನು ಕಲ್ಪಿಸಿಕೊಂಡು ಅಪ್ಪ ತಲೆ ಎತ್ತಿಯೇ ನಡೆದರು. ಊರು ಹೀಗೆ ಉಳಿದಿರುವುದಕ್ಕೆ 1962ರ ಮಾಲ್ರೋ ಕಾಯ್ದೆ ಕಾರಣ. ಒಂದೊಂದು ಸ್ಮಾರಕವನ್ನಲ್ಲ, ಇಡೀ ಹಳೆಯ ಕೇರಿಯನ್ನೇ ಕಾಪಾಡುವ ಕಾನೂನು, ಅದರ ಅಡಿಯಲ್ಲಿ ಮೊದಮೊದಲು ದುರಸ್ತಿಯಾದ ಊರುಗಳಲ್ಲಿ ಸಾರ್ಲಾ ಒಂದು. ಪ್ರಧಾನ ಚರ್ಚಿನ ಎದುರು ಲಾ ಬೊಯೆಸಿಯ ಮನೆ ಇದೆ. 1530ರಲ್ಲಿ ಹುಟ್ಟಿದ ಲೇಖಕ, ಪ್ರಬಂಧಕಾರ ಮೋಂತೇನ್‌ನ ಗೆಳೆಯ. ಜನ ತಾವಾಗಿಯೇ ಒಬ್ಬ ದೊರೆಗೆ ಏಕೆ ತಲೆಬಾಗುತ್ತಾರೆ ಎಂದು ಎಳೆಯ ವಯಸ್ಸಿನಲ್ಲೇ ಬರೆದವನು. ಅಪ್ಪ ಆ ಕಿಟಕಿಗಳ ಕೆತ್ತನೆಯ ಮುಂದೆ ನಿಂತು ನನಗೆ ಪಾಠ ಶುರುಮಾಡಿದರು. ಅಮ್ಮ ಸಂತೆಯ ಕಡೆ ಹೋಗಿಯೇಬಿಟ್ಟಿದ್ದರು.

ಹೋಗಿ ನೋಡಿದರೆ ಅಕ್ರೋಟು ಮಾರುವ ಮುದುಕಿಯ ಮುಂದೆ ನಿಂತಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಕೆ ಒಂದು ಕಾಯನ್ನು ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿ, ಮರದ ಪುಟ್ಟ ಸುತ್ತಿಗೆಯಿಂದ ತುದಿಗೆ ಒಂದೇ ಒಂದು ಏಟು ಹಾಕಿದಳು. ಚಿಪ್ಪು ಎರಡಾಯಿತು, ಒಳಗಿನ ತಿರುಳಿಗೆ ಪೆಟ್ಟಾಗಲಿಲ್ಲ. ಹೊಸ ಕಾಯಿ ಆದ್ದರಿಂದ ತಿರುಳಿನ ಮೇಲಿನ ಹಳದಿ ಸಿಪ್ಪೆ ಇನ್ನೂ ಹಸಿ. ಅದು ಕಹಿ, ಉಗುರಿನಿಂದ ಎತ್ತಿದರೆ ಪೂರ್ತಿ ಬಿಟ್ಟುಬರುತ್ತದೆ. ಒಳಗೆ ಹಾಲಿನಂಥ ಬಿಳುಪು. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ನಾವು ಅಂಗಡಿಯಿಂದ ತರುವುದು ಇದೇ ಏನೋ?" ಎಂದರು. ಆಮೇಲೆ ತಾನೂ ಸುತ್ತಿಗೆ ಇಸಿದುಕೊಂಡು ಎರಡು ಒಡೆದರು. ಎರಡೂ ಪುಡಿಪುಡಿ. ಮುದುಕಿ ನಕ್ಕು, ಆ ಪುಡಿಯನ್ನೂ ಕಾಗದದ ಚೀಲಕ್ಕೆ ಹಾಕಿ ಕೊಟ್ಟಳು.

ಪೆರಿಗೋರ್ ಅಕ್ರೋಟಿಗೆ 2002ರಿಂದ ಮೂಲಸ್ಥಾನದ ಮುದ್ರೆ ಇದೆಯಂತೆ, ನಮ್ಮ ನಂಜನಗೂಡು ರಸಬಾಳೆಯ ಜಿಐ ರೀತಿಯದು. ಫ್ರಾಂಕೆತ್, ಕೋರ್ನ್, ಮಾರ್ಬೋ, ಗ್ರಾಂಜಾಂ ಎಂಬ ನಾಲ್ಕು ತಳಿಗಳಿಗೆ ಮಾತ್ರ. ಎಣ್ಣೆಯನ್ನೂ ಕೊಂಡೆವು. ಒಂದು ಲೀಟರಿಗೆ ಸುಮಾರು ಎರಡು ಕಿಲೋ ತಿರುಳು ಬೇಕು ಎಂದರು, ಬೆಲೆ ಕೇಳಿದ ಮೇಲೆ ನಂಬಿಕೆ ಬಂತು.

ಹಳೆಯ ಸೇಂತ್ ಮರೀ ಚರ್ಚು ಈಗ ಮಾರುಕಟ್ಟೆ. ವಾಸ್ತುಶಿಲ್ಪಿ ಜಾಂ ನೂವೆಲ್ ಬೆಳೆದದ್ದು ಇದೇ ಊರಿನಲ್ಲಿ, ಚರ್ಚಿಗೆ ಮುಗಿಲೆತ್ತರದ ಉಕ್ಕಿನ ಬಾಗಿಲುಗಳನ್ನು ಇಟ್ಟವರೂ ಅವರೇ. ದೇವರಿದ್ದ ಜಾಗದಲ್ಲಿ ಬಾತುಕೋಳಿ ಡಬ್ಬಗಳನ್ನು ಕಂಡು ಅಮ್ಮ ಹೊರಗೇ ನಿಂತರು. ನಾನು, ಅಪ್ಪ ಗಂಟೆಗೋಪುರದ ಗಾಜಿನ ಲಿಫ್ಟಿನಲ್ಲಿ ಮೇಲೆ ಹೋಗಿ ಚಾವಣಿಗಳನ್ನು ನೋಡಿ ಬಂದೆವು.

ಊಟಕ್ಕೆ ಊರಾಚೆಯ ಒಂದು ಸಣ್ಣ ಹೋಟೆಲಿಗೆ ಗುರುವಾರವೇ ಫೋನ್ ಮಾಡಿ, ಹುರಿಗಡಲೆಯವರ ಮಂತ್ರವನ್ನು ಅಕ್ಷರ ಬಿಡದೆ ಒಪ್ಪಿಸಿದ್ದೆ. ಹನ್ನೆರಡೂಕಾಲಿಗೆ ಕುಳಿತೆವು. ಅಮ್ಮನಿಗೆ ಒಲೆಯಲ್ಲಿ ಸುಟ್ಟ ಸಿಹಿಗುಂಬಳ, ಬಿಳಿ ಅವರೆಯಂಥ ಕಾಳು, ಅಕ್ರೋಟು ಎಣ್ಣೆ ಹಾಕಿದ ಎಲೆಗಳು, ಬೆಣ್ಣೆಯಲ್ಲಿ ಹುರಿದ ಸೆಪ್ ಅಣಬೆ. ಅಪ್ಪನಿಗೆ ಅದೇ ಅಣಬೆಯ ಆಮ್ಲೆಟ್. ಅಡುಗೆಯವಳೇ ಹೊರಗೆ ಬಂದು ಬೆಣ್ಣೆ, ಬೆಣ್ಣೆ ಎಂದು ಬಾಣಲೆ ತೋರಿಸಿ ಹೋದಳು. ಅಣಬೆ ತಿನ್ನುವ ಅಭ್ಯಾಸ ಅಮ್ಮನಿಗೆ ಅಷ್ಟಾಗಿ ಇಲ್ಲ, ಅದನ್ನು ಅಪ್ಪನ ತಟ್ಟೆಗೆ ದಾಟಿಸಿ ಕುಂಬಳವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಎದ್ದಾಗ ಎರಡು ಗಂಟೆ. ಪಕ್ಕದ ಮೇಜಿನವರು ಆಗ ತಾನೇ ಚೀಸಿಗೆ ಬಂದಿದ್ದರು.

ಮಧ್ಯಾಹ್ನ ಲಾ ರೋಕ್ ಗಜಾಕ್‌ನಲ್ಲಿ ದೋಣಿ. ಗಬಾರ್ ಎನ್ನುವ ಚಪ್ಪಟೆ ತಳದ ದೋಣಿಗಳು ಹಿಂದೆ ಮರ, ವೈನ್ ಪೀಪಾಯಿ ಹೊತ್ತು ಕೆಳಗಿನ ಬಂದರುಗಳಿಗೆ ಹೋಗುತ್ತಿದ್ದವು, ಈಗ ನಮ್ಮಂಥವರನ್ನು ಹೊತ್ತು ಸುಮಾರು ಒಂದು ಗಂಟೆ ಸುತ್ತಿಸುತ್ತವೆ. ಮೊಣಕಾಲಿನ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ಇಲ್ಲ. ನೇರ ಬಂಡೆಗೆ ಅಂಟಿಕೊಂಡ ಹಳ್ಳಿ, ಬಿಸಿಲು ಹಿಡಿದಿಡುವ ಆ ಬಂಡೆಯ ಕೃಪೆಯಿಂದ ಮನೆಗಳ ಪಕ್ಕ ತಾಳೆಮರ, ಬಾಳೆಗಿಡ! ಬಾಳೆ ಕಂಡು ಅಮ್ಮನಿಗೆ ಆದ ಸಂತೋಷ ಹೇಳತೀರದು. ಅದೇ ಬಂಡೆ 1957ರಲ್ಲಿ ಕಳಚಿ ಬಿದ್ದು ಮನೆಗಳು ನೆಲಸಮವಾಗಿ ಮೂವರು ಸತ್ತರು ಎಂದು ಮಾರ್ಗದರ್ಶಿ ಹೇಳಿದಾಗ ದೋಣಿಯಲ್ಲಿ ಎಲ್ಲರೂ ಒಮ್ಮೆ ಮೇಲೆ ನೋಡಿದರು.

ಬೇನಾಕ್ ಬುರುಜಿಗೆ ಅಪ್ಪ ಒಬ್ಬರೇ ಹತ್ತಿದರು. ಇಳಿದು ಬಂದವರು ದಾರಿಯುದ್ದಕ್ಕೂ ಮಾತಾಡಿದ್ದು ಎದುರು ದಂಡೆಯ ಕೋಟೆಯ ಬಗ್ಗೆ. ಮುಂದಿನ ಸಲ ಅಲ್ಲಿಂದ ಇದನ್ನು ನೋಡಬೇಕಂತೆ.

ಗಿಯರ್ ಗಾಡಿ

ನಾನು ಹೇಳಿದ್ದೆ. ಕಾಸ್ತೆಲ್ನೋ!

ಹುರಿಗಡಲೆ

ಮಂತ್ರ ಫಲಿಸಿತಲ್ಲ, ಸಂತೋಷ. ಅಕ್ರೋಟು ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಡಿ ಎಂದು ಅಮ್ಮನಿಗೆ ಹೇಳಿ. ಬಿಸಿಗೆ ಪರಿಮಳ ಹೋಗಿ ಕಹಿಯಾಗುತ್ತದೆ. ಕೋಸಂಬರಿಯ ಮೇಲೆ ಹಸಿಯಾಗಿ ಒಂದು ಚಮಚ ಸಾಕು. ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿಡಿ, ಬೇಗ ಮುಗಿಸಿ. ಊರಿಗೆ ಒಯ್ಯುವುದಾದರೆ ತೆರೆಯದ ತಗಡಿನ ಡಬ್ಬ ಕೊಳ್ಳಿ, ವಿಮಾನದಲ್ಲಿ ಕೈಚೀಲದಲ್ಲಿ ಅಲ್ಲ, ಚೆಕ್‌ಇನ್ ಮಾಡುವ ಪೆಟ್ಟಿಗೆಯಲ್ಲಿ.

ಬಿಳಿಗಿರಿ

ಓದಿ ಆಸೆಯಾಯಿತು. ಆದರೆ ನಾನು ಪ್ಯಾರಿಸ್‌ನಲ್ಲಿ ಓದುತ್ತಿರುವವನು, ಕಾರಿಲ್ಲ. ಒಂದು ದಿನದಲ್ಲಿ ಹೋಗಿ ಬರಬಹುದೇ?

ಹಳೆಯ ನಕಾಶೆ

ಒಂದೇ ದಿನದಲ್ಲಿ ಬೇಡ. ಪ್ಯಾರಿಸ್‌ನಿಂದ ಬೋರ್ದೋಗೆ ವೇಗದ ರೈಲು ಎರಡು ಗಂಟೆ ಸ್ವಲ್ಪ ಮೇಲೆ, ಆದರೆ ಅಲ್ಲಿಂದ ಸಾರ್ಲಾಗೆ ಹೋಗುವ ಪ್ರಾದೇಶಿಕ ರೈಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಶುಕ್ರವಾರ ರಾತ್ರಿ ಹೋಗಿ ಉಳಿದುಕೊಳ್ಳಿ, ಸಾರ್ಲಾ ಕೊನೆಯ ನಿಲ್ದಾಣ, ನಿದ್ದೆ ಹೋದರೂ ಚಿಂತೆಯಿಲ್ಲ. ಬೆಳಿಗ್ಗೆ ಸಂತೆ. ಆಮೇಲೆ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಹಳೆಯ ರೈಲು ಹಳಿಯ ಜಾಡಿನಲ್ಲಿ ಮಾಡಿದ ಸೈಕಲ್ ದಾರಿ ಕಾರ್ಸಾಕ್ ಕಡೆಗೆ ಇಳಿಯುತ್ತದೆ, ಅಲ್ಲಿಂದ ನದಿ ಹತ್ತಿರ. ಬೇಸಿಗೆಯಾದರೆ ಅಲ್ಲಿಂದ ಕೆಳಗೆ ವಿತ್ರಾಕ್ ಸುತ್ತಮುತ್ತ ಹುಟ್ಟು ಹಾಕುವ ಸಣ್ಣ ದೋಣಿ ಬಾಡಿಗೆಗೆ ಸಿಗುತ್ತದೆ. ಹರಿವಿನ ಜೊತೆ ಬೇನಾಕ್‌ವರೆಗೆ ತೇಲಿ ಹೋದರೆ ದೋಣಿಯವರೇ ವ್ಯಾನಿನಲ್ಲಿ ವಾಪಸ್ ತಂದು ಬಿಡುತ್ತಾರೆ.

ಬ್ರೆಡ್ ಮಾತ್ರ ಹನ್ನೆರಡರೊಳಗೆ ಕೊಂಡಿಟ್ಟುಕೊಳ್ಳಿ.